ತಬಿಥಳ ಸೂಜಿ, ನಮ್ಮ ಮನೆಯ ಹಳೆ ಸೀರೆ



ಯೊಪ್ಪ ಎಂಬ ಬಂದರು ಪಟ್ಟಣದಲ್ಲಿ ಒಂದು ಸಾವಿನ ಮನೆ. ಶವಕ್ಕೆ ಸ್ನಾನ ಮಾಡಿಸಿ ಮೇಲ್ಮಾಳಿಗೆಯಲ್ಲಿ ಮಲಗಿಸಿದ್ದಾರೆ. ಹತ್ತಿರದ ಲುದ್ದದಲ್ಲಿದ್ದ ಸಂತ ಪೇತ್ರರಿಗೆ ಇಬ್ಬರು ಹೋಗಿ ತಡಮಾಡದೆ ಬನ್ನಿ ಎಂದು ಸುದ್ದಿ ಮುಟ್ಟಿಸುತ್ತಾರೆ. ಪೇತ್ರರು ಬಂದು ಮಾಳಿಗೆ ಹತ್ತಿದಾಗ ಊರಿನ ವಿಧವೆಯರೆಲ್ಲ ಅವರ ಸುತ್ತ ನಿಂತು ಅಳುತ್ತಾ, ಸತ್ತುಹೋದ ತಬಿಥ ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ತೋರಿಸುತ್ತಾರೆ (ಪ್ರೇಷಿತರ ಕಾರ್ಯಕಲಾಪಗಳು 9: 36-42).

ಸತ್ತವರನ್ನು ಹೊಗಳಲು ನಮಗೆ ಬಾಯಿ ಸಾಕು. ಆ ಹೆಣ್ಣುಮಕ್ಕಳಿಗೆ ಅದು ಸಾಲಲಿಲ್ಲ. ತಬಿಥ ಎಂಥವಳು ಎಂದು ಕೇಳಿದರೆ ಅವರಲ್ಲಿದ್ದ ಉತ್ತರ ಮೈಮೇಲಿನ ಬಟ್ಟೆ. ಇಡೀ ಪ್ರಸಂಗದಲ್ಲಿ ತಬಿಥಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಆಕೆ ಬೋಧನೆ ಮಾಡಿದ್ದಾಗಲಿ, ಪವಾಡ ನಡೆಸಿದ್ದಾಗಲಿ ಗ್ರಂಥದಲ್ಲಿಲ್ಲ. ಆದರೂ ಸಂತ ಲೂಕರು ಆಕೆಯನ್ನು ಶಿಷ್ಯೆ ಎಂದು ಕರೆಯುತ್ತಾರೆ. ಶಿಷ್ಯ ಎಂಬ ಗ್ರೀಕ್ ಪದದ ಸ್ತ್ರೀಲಿಂಗ ರೂಪ ಇಡೀ ಹೊಸ ಒಡಂಬಡಿಕೆಯಲ್ಲಿ ಬಂದಿರುವುದು ಇದೊಂದೇ ಕಡೆ. ಆ ಬಿರುದು ಸಿಕ್ಕಿದ್ದು ಸೂಜಿ ಹಿಡಿದ ಹೆಂಗಸಿಗೆ.

ಇನ್ನೊಂದು ಸಣ್ಣ ಮಾತನ್ನು ನಾವು ಓದುವಾಗ ದಾಟಿಕೊಂಡು ಹೋಗಿಬಿಡುತ್ತೇವೆ. ಆ ಬಟ್ಟೆಗಳು ತಬಿಥ ಅವರ ಜೊತೆಯಲ್ಲಿದ್ದಾಗ ಮಾಡುತ್ತಿದ್ದ ಬಟ್ಟೆಗಳು ಎಂದು ಗ್ರಂಥ ಹೇಳುತ್ತದೆ. ಮಾಡಿಸಿ ಕಳಿಸಿದ್ದಲ್ಲ, ಜೊತೆಯಲ್ಲಿದ್ದು ಮಾಡಿದ್ದು. ಆಕೆಯ ಪಕ್ಕದಲ್ಲಿ ಕುಳಿತು ಆ ವಿಧವೆಯರೂ ಸೂಜಿ ಹಿಡಿದಿದ್ದರೆಂದೇ ನನಗೆ ತೋರುತ್ತದೆ. ಇದು ನನ್ನ ಊಹೆ ಮಾತ್ರ. ಆದರೆ ಕೌದಿ ಹೊಲಿಯಲು ಕೂತ ಹೆಂಗಸರನ್ನು ನೋಡಿದವರಿಗೆ ಬೇರೆ ಊಹೆ ಬರುವುದು ಕಷ್ಟ.

ಕೌದಿ ಎಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಅದು ಮನೆಮಾತು. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಕರಿ ಕಂಬಳಿಯ ದರ್ಬಾರು ಹೆಚ್ಚು. ಆದರೂ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದು, ಬಾಣಂತಿಗೆ ಹಾಸಿ ಕೂಸಿಗೆ ಹೊದಿಸಿದ ಅಜ್ಜಿಯರು ಇಲ್ಲಿಯೂ ಇದ್ದಾರೆ. ನಮ್ಮಲ್ಲಿ ಎಷ್ಟೋ ಜನ ಜ್ಞಾನಸ್ನಾನಕ್ಕೆ ದೇವಾಲಯಕ್ಕೆ ಬಂದದ್ದು ಅಂಥ ಹೊದಿಕೆಯಲ್ಲೇ ಸುತ್ತಿಕೊಂಡು.

ಈ ಕೆಲಸ ಕಾಣುವಷ್ಟು ಸುಲಭವಲ್ಲ. ಮೊದಲು ಬಟ್ಟೆ ಆರಿಸಬೇಕು. ನೈಲಾನು, ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ರೇಷ್ಮೆ ಜಾರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರಿನವರಿಗೆ ಈ ಮಾತು ಹೇಳುವಾಗ ನನಗೇ ನಗು ಬರುತ್ತದೆ. ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ತೆಗೆದು ಬೆರಳಿಗೆ ಬೊಬ್ಬೆ ಬರಿಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳನ್ನು ಮಾಗಿಯ ಚಳಿಯಲ್ಲಿ ಕಾಯುವುದು ರೇಷ್ಮೆಯಲ್ಲ, ಹಳೆಯ ಹತ್ತಿ ಬಟ್ಟೆ. ಹಾಗೆ ಸವೆದು ಮೆತ್ತಗಾದ ಹತ್ತಿ ಸೀರೆ, ಪಂಚೆ, ಲುಂಗಿ ತಂದು, ಗಂಜಿ ಬಿಡುವಂತೆ ಒಗೆದು, ಬಿಸಿಲಿಗೆ ಹಾಕಿ, ಗುಂಡಿ, ಹುಕ್ಕು, ಜಿಪ್ಪು ಕಿತ್ತು, ಪಿಸಿದುಹೋದ ಭಾಗವನ್ನು ಕತ್ತರಿಸಿ ತೆಗೆಯಬೇಕು. ಗಟ್ಟಿಯಾಗಿರುವ ಸೀರೆಯೊಂದು ಅಡಿಗೆ. ಅದರ ಮೇಲೆ ಎರಡು ಮೂರು ಪದರ. ಎಲ್ಲಕ್ಕಿಂತ ಮೇಲೆ ಬಣ್ಣಬಣ್ಣದ ತುಂಡುಗಳು. ದಪ್ಪ ಸೂಜಿ, ಎರಡೆಳೆ ದಾರ, ಒಳಗೆ ಹೋಗಿ ಹೊರಗೆ ಬರುವ ಸಾದಾ ಹೊಲಿಗೆ, ಸಾಲಿನ ಪಕ್ಕಕ್ಕೆ ಸಾಲು. ಸಾಲುಗಳ ನಡುವೆ ಅಂತರ ಹೆಚ್ಚಾದರೆ ಒಗೆದಾಗ ಒಳಗಿನ ಬಟ್ಟೆ ಮುದುಡಿ ಉಂಡೆಯಾಗುತ್ತದೆ. ದೊಡ್ಡ ಕೌದಿಯನ್ನು ಒಬ್ಬಳೇ ಹೊಲಿಯಲು ವಾರಗಟ್ಟಲೆ ಬೇಕು. ನಾಲ್ಕು ಜನ ನಾಲ್ಕು ಕಡೆ ಕೂತರೆ ಮಾತಾಡುತ್ತಾ ಮಾತಾಡುತ್ತಾ ಮುಗಿದೇ ಹೋಗುತ್ತದೆ.

ಹಳೆಯ ಬಟ್ಟೆಗೆ ನೀರು ಕಾಣದ ಹೊಸ ಬಟ್ಟೆಯ ತೇಪೆ ಹಾಕಿದರೆ, ತೇಪೆ ಎಳೆದುಕೊಂಡು ಹರಕು ಇನ್ನೂ ದೊಡ್ಡದಾಗುತ್ತದೆ ಎಂದು ಯೇಸುಸ್ವಾಮಿ ಹೇಳಿದ್ದು ನಿಮಗೆ ನೆನಪಿದೆ (ಮಾರ್ಕ 2: 21). ದೇವರಾಜ್ಯದ ಹೊಸತನವನ್ನು ಹಳೆಯ ಬದುಕಿಗೆ ತೇಪೆಯಾಗಿ ಅಂಟಿಸಲಾಗದು ಎಂಬುದು ಅಲ್ಲಿನ ಅರ್ಥ. ಅದನ್ನು ಸೆಮಿನರಿಯಲ್ಲಿ ನಾವು ಪುಟಗಟ್ಟಲೆ ಓದಿದ್ದೇವೆ. ಆದರೆ ಆ ಮಾತು ಬಂದದ್ದು ಪುಸ್ತಕದಿಂದಲ್ಲ. ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನವರು ಹರಿದ ಅಂಗಿಗೆ ತೇಪೆ ಹಾಕುವುದನ್ನು ಪಕ್ಕದಲ್ಲಿ ಕೂತು ನೋಡಿದ ಬಾಲಕನ ಮಾತದು ಎಂದು ನಾನು ನಂಬಿದ್ದೇನೆ. ಕೌದಿಗೆ ಹಳೆಯ ಬಟ್ಟೆಯೇ ಏಕೆ ಎಂದು ಯಾವ ಅಜ್ಜಿಯನ್ನು ಕೇಳಿದರೂ ಅದೇ ಕಾರಣ ಸಿಗುತ್ತದೆ: ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಆಗಿದೆ, ಇನ್ನು ಪಕ್ಕದ ಬಟ್ಟೆಯನ್ನು ಎಳೆಯುವುದಿಲ್ಲ. ಕಷ್ಟದಲ್ಲಿ ನೆನೆದು ಒಣಗಿ ಬಂದವರು ಇತರರ ಜೊತೆ ಹೊಂದಿಕೊಂಡು ಹೋಗುವುದನ್ನು ನಾನು ಧರ್ಮಕೇಂದ್ರದಲ್ಲಿ ದಿನವೂ ನೋಡುತ್ತೇನೆ. ನೀರೇ ಕಾಣದವರು ಎಳೆದಾಡುವುದನ್ನೂ ನೋಡುತ್ತೇನೆ.

ತತ್ವಶಾಸ್ತ್ರದ ತರಗತಿಯಲ್ಲಿ ಗ್ರೀಕರ ಹಳೆಯ ಒಗಟೊಂದನ್ನು ನಮಗೆ ಕೊಟ್ಟಿದ್ದರು. ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಬಂದರೆ ಕೊನೆಗೆ ಉಳಿಯುವುದು ಅದೇ ಹಡಗೋ, ಬೇರೆಯದೋ? ವಾದ ಮಾಡಿ ಮಾಡಿ ಊಟದ ಗಂಟೆ ಬಾರಿಸುತ್ತಿತ್ತು. ಕೌದಿಯದೂ ಅದೇ ಕಥೆ. ಸವೆದ ಕೌದಿಯನ್ನು ಬಿಸಾಡುವುದಿಲ್ಲ, ಅದರ ಮೇಲೆ ಹೊಸ ಪದರ ಹಾಕಿ ಮತ್ತೆ ಹೊಲಿಯುತ್ತಾರೆ. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರ ಮುಂದೆ ಈ ಪ್ರಶ್ನೆ ಇಟ್ಟೆ. ಅವರು ಕೌದಿಯ ಮೇಲೆ ಕೈಯಾಡಿಸಿ, "ಇದು ನಮ್ಮವ್ವನ್ದೇ ಸ್ವಾಮಿ, ಮ್ಯಾಲಿನ ಬಟ್ಟೆ ಮಾತ್ರ ನಂದು" ಅಂದರು. ಧರ್ಮಸಭೆಯ ಪರಂಪರೆ ಎಂದರೇನು ಎಂದು ಕೇಳುವ ಯುವಕರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಈಗ ಸ್ವಲ್ಪ ಕಹಿಯಾದ ವಿಷಯಕ್ಕೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಉತ್ತರ ಕರ್ನಾಟಕದಲ್ಲಿ ಮಳೆ, ಪ್ರವಾಹ ಬಂದಾಗ ನಾಡಿನ ಎಲ್ಲ ಕಡೆ ಬಟ್ಟೆ ಸಂಗ್ರಹಿಸಿದರು. ಅಂಥ ಸಂಗ್ರಹದ ಮೂಟೆಗಳನ್ನು ಬಿಚ್ಚಿ ವಿಂಗಡಿಸಲು ಕೂತವರಿಗೆ ಗೊತ್ತು, ಅದರೊಳಗೆ ಏನೇನು ಇರುತ್ತದೆಂದು. ಗುಂಡಿಯಿಲ್ಲದ ಅಂಗಿ, ಲಾಡಿಯಿಲ್ಲದ ಲಂಗ, ಒಂದೇ ಕಾಲಿನ ಕಾಲುಚೀಲ, ಒಗೆಯದೆ ತುರುಕಿದ ಹಾಸು. ಕೊಟ್ಟವರ ಬೀರು ಖಾಲಿಯಾಯಿತು, ಮನಸ್ಸಿಗೂ ಸಮಾಧಾನವಾಯಿತು. ಕ್ರಿಸ್ತರಿಗೆ ಉಡಿಸುತ್ತೇವೆಂದು ಹೇಳಿಕೊಂಡು (ಮತ್ತಾಯ 25: 36) ನಾವು ಉಡದೇ ಬಿಟ್ಟದ್ದನ್ನು ಅವರ ಮುಂದೆ ಸುರಿದರೆ ಅದು ದಾನವಲ್ಲ, ಮನೆ ಗುಡಿಸಿದ್ದು. ಬೆಚ್ಚಗಿರಿ ಎಂದು ಹರಸಿ ಬರಿಗೈಯಲ್ಲಿ ಕಳಿಸುವವರನ್ನು ಸಂತ ಯಕೋಬರು ಗದರಿಸುತ್ತಾರೆ (ಯಕೋಬ 2: 15-16). ಚಿಂದಿ ಕೊಟ್ಟು ಕಳಿಸುವವರ ವಿಷಯದಲ್ಲಿ ಅವರು ಏನು ಬರೆಯುತ್ತಿದ್ದರೋ!

ಕೌದಿಯೂ ಚಿಂದಿಯಿಂದಲೇ ಆಗುವುದಲ್ಲವೇ ಎಂದು ನೀವು ಕೇಳಬಹುದು. ಹೌದು, ಅದೇ ಸೀರೆ, ಅದೇ ಲುಂಗಿ. ದ್ರವ್ಯ ಒಂದೇ, ರೂಪ ಬೇರೆ ಎಂದು ಸಂತ ಥಾಮಸ್ ಅಕ್ವಿನಾಸರ ಭಾಷೆಯಲ್ಲಿ ಹೇಳಬಹುದು. ಆ ರೂಪ ಕೊಡುವುದು ನಮ್ಮ ಸಮಯ. ಹಳೆಯ ಸೀರೆ ನಮಗೆ ಬೇಡವಾದದ್ದು. ಆದರೆ ಅದನ್ನು ಒಗೆದು, ಕತ್ತರಿಸಿ, ಬೆನ್ನು ನೋಯಿಸಿಕೊಂಡು ಹೊಲಿದ ಹತ್ತು ಮಧ್ಯಾಹ್ನಗಳು ನಮಗೆ ಬೇಕಾದವು. ಬೇಕಾದದ್ದನ್ನು ಕೊಟ್ಟಾಗ ಬೇಡವಾದದ್ದೂ ಅದರ ಜೊತೆ ಪವಿತ್ರವಾಗುತ್ತದೆ.

ಹೊದಿಕೆಯ ವಿಷಯದಲ್ಲಿ ದೇವರು ಬಹಳ ಕಟ್ಟುನಿಟ್ಟು. ಬಡವನ ಮೇಲುಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮುಂಚೆ ಹಿಂದಕ್ಕೆ ಕೊಡಬೇಕೆಂದು ಇಸ್ರಯೇಲರಿಗೆ ಕಟ್ಟಳೆ ಇತ್ತು. ರಾತ್ರಿ ಅವನು ಇನ್ನೇನು ಹೊದ್ದು ಮಲಗಬೇಕು ಎಂದು ದೇವರೇ ಕೇಳುತ್ತಾರೆ (ವಿಮೋಚನಕಾಂಡ 22: 26-27). ವಿಧವೆಯ ಬಟ್ಟೆಯನ್ನಂತೂ ಒತ್ತೆ ಇಟ್ಟುಕೊಳ್ಳಲೇ ಕೂಡದು (ಧರ್ಮೋಪದೇಶಕಾಂಡ 24: 17). ಅಷ್ಟೇಕೆ, ಏದೆನ್ ತೋಟದಿಂದ ಹೊರಗೆ ಕಳಿಸುವಾಗ ತಪ್ಪು ಮಾಡಿದ ಆ ಇಬ್ಬರಿಗೆ ಬಟ್ಟೆ ಮಾಡಿ ತೊಡಿಸಿದವರು ಸಾಕ್ಷಾತ್ ದೇವರೇ (ಆದಿಕಾಂಡ 3: 21). ಶಿಕ್ಷೆ ಕೊಟ್ಟರು, ಚಳಿಗೆ ಬಿಡಲಿಲ್ಲ.

ನಮ್ಮದೇ ನಾಡಿನಲ್ಲಿ ಈ ಕಲೆಯನ್ನು ಜಗತ್ತು ತಿರುಗಿ ನೋಡುವಂತೆ ಮಾಡಿದವರು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಗುಲಾಮರನ್ನು ಕೊಂಡು ಮಾರಿದವರೂ ಕ್ರೈಸ್ತರೇ ಎಂಬುದನ್ನು ನಾವು ಮರೆಯುವಂತಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಕಥೋಲಿಕರೂ ಇದ್ದಾರೆ. ಕಥೋಲಿಕ ಅಜ್ಜಿ ತನ್ನ ಕೌದಿಯಲ್ಲಿ ಶಿಲುಬೆ ಹೊಲಿದರೆ ಮುಸಲ್ಮಾನ ಅಜ್ಜಿ ಅರ್ಧಚಂದ್ರ ಹೊಲಿಯುತ್ತಾಳೆ. ಕೈಚಳಕ ಮಾತ್ರ ಒಂದೇ. ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿನ ಕಡೆಗೆ ಹೊಲಿಗೆ ಸಾಗುತ್ತದೆ. ಕವಂದಿ ಎಂದು ಅವರು ಕರೆಯುವ ಈ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು.

ನ್ಯೂಯಾರ್ಕಿನ ಗೋಡೆಗಿಂತ ನನ್ನ ಮನಸ್ಸನ್ನು ಹಿಡಿದದ್ದು ಆ ಕೌದಿಯ ಮೂಲೆ. ಹೊಲಿಗೆ ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ತ್ರಿಕೋನದ ಕುಚ್ಚೊಂದನ್ನು ಇಡುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು ಎಂದು ಹೆಸರು. ಅದರಿಂದ ಚಳಿಯೇನೂ ಕಡಿಮೆಯಾಗುವುದಿಲ್ಲ. ಆದರೆ ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಮೈ ಮುಚ್ಚುವ ಹೊದಿಕೆಗೂ ಒಂದು ಮಾನ ಇದೆ ಎಂದು ತಿಳಿದ ಜನ ಅವರು. ಬಡವರಿಗೆ ಕೊಡುವಾಗ ನಾವು ಮೊದಲು ಮರೆಯುವುದು ಆ ಹೂವನ್ನೇ. ಹೊಟ್ಟೆ ತುಂಬಿದರೆ ಸಾಕಲ್ಲ, ಮೈ ಮುಚ್ಚಿದರೆ ಸಾಕಲ್ಲ, ಚೆಂದ ಯಾಕೆ ಅವರಿಗೆ ಎನ್ನುತ್ತೇವೆ.

ಕೌದಿ ಕೊಂಡುಕೊಳ್ಳುವವರಿಗೂ ಒಂದು ಮಾತು. ಕೈಯಿಂದ ಹೊಲಿದ ಹೊದಿಕೆಗೆ ಬೆಲೆ ಹೇಳಿದಾಗ, ಹಳೆ ಬಟ್ಟೆಗೆ ಇಷ್ಟೊಂದೇ ಎಂದು ಚೌಕಾಸಿ ಮಾಡಬೇಡಿ. ಬಟ್ಟೆಗಲ್ಲ, ಕಣ್ಣಿಗೆ ಮತ್ತು ಬೆನ್ನಿಗೆ ಕೊಡುವ ಕೂಲಿ ಅದು. ಕೂಲಿ ತಡೆಹಿಡಿದವರ ವಿಷಯವಾಗಿ ಸಂತ ಯಕೋಬರು ಬರೆದದ್ದನ್ನು (ಯಕೋಬ 5: 4) ನೀವೇ ಮನೆಯಲ್ಲಿ ತೆಗೆದು ಓದಿಕೊಳ್ಳಿ.

ನವೆಂಬರ್ ಹತ್ತಿರ ಬರುತ್ತಿದೆ. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೊಂಬತ್ತಿ ಹಚ್ಚಿ ಮೃತರಿಗಾಗಿ ಪ್ರಾರ್ಥಿಸುವ ತಿಂಗಳು. ತೀರಿಹೋದ ತಾಯಿಯ ಸೀರೆಗಳನ್ನು ಏನು ಮಾಡಬೇಕೆಂದು ತಿಳಿಯದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಉಡಲು ಮನಸ್ಸಿಲ್ಲ, ಕೊಡಲು ಮನಸ್ಸಿಲ್ಲ, ಸುಡಲೂ ಮನಸ್ಸಿಲ್ಲ. ಯೊಪ್ಪದ ವಿಧವೆಯರಿಗೆ ತಬಿಥಳ ಬಟ್ಟೆ ಹೇಗೋ ಇದೂ ಹಾಗೆಯೇ. ದೂರದ ಒಂದು ಸಂಗತಿ ಹೇಳುತ್ತೇನೆ. 1987ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ನಿನ ದೊಡ್ಡ ಮೈದಾನದಲ್ಲಿ ಏಡ್ಸ್ ರೋಗದಿಂದ ಸತ್ತವರ ನೆನಪಿಗೆ ಒಂದು ಕೌದಿ ಹಾಸಿದರು. ಅದರಲ್ಲಿ 1,920 ತುಂಡುಗಳು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಅಂದರೆ ಸರಿಯಾಗಿ ಒಂದು ಸಮಾಧಿಯಷ್ಟು. ಎಷ್ಟೋ ಜನರನ್ನು ಮನೆಯವರೇ ದೂರ ಇಟ್ಟಿದ್ದ ಕಾಲ ಅದು. ಹೆಸರು ಹೇಳಲೂ ಹೆದರುತ್ತಿದ್ದವರ ಹೆಸರುಗಳನ್ನು ತಾಯಂದಿರು, ಗೆಳೆಯರು, ಅಪರಿಚಿತರು ಬಟ್ಟೆಯ ಮೇಲೆ ಹೊಲಿದು ಬಿಸಿಲಿಗೆ ಹಾಸಿದರು. ಜಪ ಎಂದರೆ ತುಟಿಯಿಂದ ಮಾತ್ರ ಆಗುವುದಲ್ಲ ಎಂದು ಅದನ್ನು ಓದಿದಾಗ ನನಗೆ ಅನ್ನಿಸಿತು.

ಸತ್ತ ತಾಯಿಯ ಸೀರೆಯನ್ನು ಚಳಿಯಲ್ಲಿರುವ ಇನ್ನೊಬ್ಬ ತಾಯಿಗೆ ಹೊದಿಸಿದರೆ ಅದು ಅವರ ಆತ್ಮಶಾಂತಿಗಾಗಿ ಮಾಡಿದ ಸತ್ಕಾರ್ಯವೇ. ಪೂಜೆ ಓದಿಸಬೇಡಿ ಎನ್ನುತ್ತಿಲ್ಲ, ಪೂಜೆಯ ಜೊತೆಗೆ ಇದನ್ನೂ ಮಾಡಿ ಎನ್ನುತ್ತಿದ್ದೇನೆ.

ನವೆಂಬರ್ 11 ಟೂರ್ಸ್ ನಗರದ ಸಂತ ಮಾರ್ಟಿನರ ಹಬ್ಬ. ನಾಲ್ಕನೆಯ ಶತಮಾನದ ಈ ಸಂತರು ಸೈನಿಕರಾಗಿದ್ದಾಗ, ಇನ್ನೂ ಜ್ಞಾನಸ್ನಾನ ಪಡೆಯದಿದ್ದಾಗ, ಅಮಿಯಾನ್ ನಗರದ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ಕತ್ತಿಯಿಂದ ತಮ್ಮ ಮೇಲುಹೊದಿಕೆಯನ್ನು ಸೀಳಿ ಅರ್ಧ ಕೊಟ್ಟರು. ಆ ರಾತ್ರಿ ಕನಸಿನಲ್ಲಿ ಅದೇ ಅರ್ಧವನ್ನು ಹೊದ್ದು ಕ್ರಿಸ್ತರು ಕಾಣಿಸಿಕೊಂಡರು ಎಂದು ಅವರ ಚರಿತ್ರೆ ಹೇಳುತ್ತದೆ. ಮುಂದೆ ಆ ಸಂತರ ಹೊದಿಕೆಯನ್ನು ರಾಜರು ಪೂಜ್ಯ ಅವಶೇಷವಾಗಿ ಕಾಪಾಡಿದರು. ಲತೀನಿನಲ್ಲಿ ಸಣ್ಣ ಹೊದಿಕೆಗೆ ಕಪೆಲ್ಲಾ ಎನ್ನುತ್ತಾರೆ. ಅದನ್ನು ಇಟ್ಟ ಜಾಗಕ್ಕೂ ಅದೇ ಹೆಸರು ಅಂಟಿಕೊಂಡು, ಇಂದು ನಾವು ಹೇಳುವ ಚಾಪೆಲ್ ಎಂಬ ಪದ ಹುಟ್ಟಿತು. ಪ್ರಾರ್ಥನೆಯ ಮನೆಗೆ ನಾವು ಕೊಟ್ಟಿರುವ ಹೆಸರೇ ಒಂದು ಹರಿದ ಹೊದಿಕೆಯದು!

ಅದೇ ತಿಂಗಳಲ್ಲಿ ಬಡವರ ವಿಶ್ವ ದಿನವೂ ಬರುತ್ತದೆ. ಪೋಪ್ ಫ್ರಾನ್ಸಿಸರು ಆರಂಭಿಸಿದ ಈ ದಿನವನ್ನು 2017ರಿಂದ ಆಚರಿಸುತ್ತಿದ್ದೇವೆ. ಸಾಮಾನ್ಯವಾಗಿ ಅಂದು ನಾವು ಮಾಡುವುದೇನು? ಅಂಗಡಿಯಿಂದ ರಗ್ಗು ತರಿಸುತ್ತೇವೆ, ಸಾಲಾಗಿ ನಿಲ್ಲಿಸಿ ಕೊಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ರಗ್ಗು ಬೇಡವೆಂದಲ್ಲ, ಒಂದೇ ರಾತ್ರಿಯಲ್ಲಿ ನೂರು ಜನಕ್ಕೆ ಬೇಕಾದಾಗ ಕೌದಿ ಹೊಲಿಯುತ್ತಾ ಕೂರಲಾಗದು. ಆದರೆ ಒಂಟಿಯಾಗಿರುವ ಅಜ್ಜಿಯೊಬ್ಬರ ಮನೆಗೆ ರೋಗಿಗಳ ಭೇಟಿಗೆ ಹೋದಾಗ, ಹಿಂದಿನ ವರ್ಷ ಕೊಟ್ಟ ಹೊಸ ರಗ್ಗು ಪ್ಲಾಸ್ಟಿಕ್ ಕವರಿನ ಸಮೇತ ಪೆಟ್ಟಿಗೆಯ ಮೇಲೆ ಹಾಗೆಯೇ ಇತ್ತು. ಅವರು ಹೊದ್ದಿದ್ದದ್ದು ಹಳೆಯ ಸೀರೆ. ಯಾಕಮ್ಮ, ಇದನ್ನು ಹೊದೆಯಲಿಲ್ಲವೇ ಎಂದು ಕೇಳಿದೆ. "ಯಾರಾದ್ರೂ ಬಂದ್ರೆ ಹಾಸಕ್ಕೆ ಬೇಕಲ್ಲ ಸ್ವಾಮಿ" ಅಂದರು. ಮಕ್ಕಳು ಬೆಂಗಳೂರಿನಲ್ಲಿ. ಬರುವವರು ಯಾರೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ರಗ್ಗಿನ ಜೊತೆ ಒಬ್ಬ ಮನುಷ್ಯ.

ಅದಕ್ಕೇ ನಾನು ಕೌದಿಯ ಮಾತು ಎತ್ತಿದ್ದು. ಕಾರ್ಖಾನೆಗೆ, ಗಾರ್ಮೆಂಟ್ಸಿಗೆ, ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಮಷೀನ್ ಹೊಲಿಗೆ ಗೊತ್ತಿದೆ, ಕೌದಿಯ ಹೊಲಿಗೆ ಗೊತ್ತಿಲ್ಲ. ಗೊತ್ತಿರುವವರು ಎಪ್ಪತ್ತು ಎಂಬತ್ತು ದಾಟಿದ ಅಜ್ಜಿಯರು, ಬಹಳ ಮಂದಿ ವಿಧವೆಯರು. ನಾವು ಇಷ್ಟು ದಿನ ಅವರನ್ನು ಕೊಡುಗೆ ಪಡೆಯುವವರ ಪಟ್ಟಿಯಲ್ಲಿ ಬರೆದಿದ್ದೇವೆ. ಕೌದಿ ಹಾಸಿದ ದಿನ ಅವರು ಗುರುಗಳು, ನಾವು ಶಿಷ್ಯರು. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂದು ಆ ಚಾಪೆಯ ಮೇಲೆ ಬೇರ್ಪಡಿಸುವುದು ಸಾಧ್ಯವಿಲ್ಲ. ಯಾವ ತುಂಡು ಯಾರ ಮನೆಯದು, ಯಾವ ಜಾತಿಯವರದು, ಮನೆಯಲ್ಲಿ ಯಾವ ಭಾಷೆ ಆಡುವವರದು ಎಂದು ಹೊದ್ದವರಿಗೆ ತಿಳಿಯುವುದೂ ಇಲ್ಲ. ಶಿಲುಬೆಯ ಕೆಳಗೆ ಸೈನಿಕರು ಹರಿಯದೆ ಬಿಟ್ಟ, ಹೊಲಿಗೆಯಿಲ್ಲದ ಆ ಅಂಗಿಯಲ್ಲಿ (ಯೊವಾನ್ನ 19: 23-24) ಸಂತ ಸಿಪ್ರಿಯಾನರು ಧರ್ಮಸಭೆಯ ಐಕ್ಯತೆಯ ಗುರುತನ್ನು ಕಂಡರು. ಆ ಅಂಗಿ ಕ್ರಿಸ್ತರದು. ಜಾತಿ, ಭಾಷೆ ಎಂದು ನಮ್ಮನ್ನು ನಾವೇ ಹರಿದುಕೊಂಡ ನಮಗೆ ಈಗ ಉಳಿದಿರುವ ದಾರಿ ಹೊಲಿದುಕೊಳ್ಳುವುದು.

ಆದ್ದರಿಂದ ನಮ್ಮ ಧರ್ಮಕೇಂದ್ರದಲ್ಲಿ ನವೆಂಬರ್ ತಿಂಗಳ ಪ್ರತಿ ಭಾನುವಾರ ಎರಡನೆಯ ಪೂಜೆಯ ನಂತರ ಸಭಾಂಗಣದಲ್ಲಿ ಚಾಪೆ ಹಾಸಲಾಗುವುದು. ಬೇರೆ ಧರ್ಮಕೇಂದ್ರಗಳವರಿಗೂ ಮನಸ್ಸಿದ್ದರೆ ತಮ್ಮ ಗುರುಗಳನ್ನು ಕೇಳಿ ಶುರುಮಾಡಬಹುದು. ಹತ್ತಿ ಬಟ್ಟೆ ಮಾತ್ರ ತನ್ನಿ. ಒಗೆದು, ಒಣಗಿಸಿ, ಮಡಿಸಿ ತನ್ನಿ. ತೀರಿಹೋದವರ ಸೀರೆಯಾದರೆ ಹೆಸರು ಹೇಳಿ, ಆ ದಿನದ ಪೂಜೆಯಲ್ಲಿ ಅವರನ್ನು ನೆನೆಯೋಣ. ದಪ್ಪ ಸೂಜಿ, ದಾರದ ಉಂಡೆ ಮರೆಯಬೇಡಿ. ಗಂಡಸರು ಬರಬಾರದೆಂದೇನೂ ಇಲ್ಲ; ಗುಂಡಿ ಕೀಳುವುದು, ಬಟ್ಟೆ ಕತ್ತರಿಸುವುದು, ಚಹಾ ಕಾಯಿಸುವುದು ಯಾರು ಬೇಕಾದರೂ ಮಾಡಬಹುದು. ಆಟೋ ಇರುವವರು ಹಳ್ಳಿಯ ಅಜ್ಜಿಯರನ್ನು ಕರೆತಂದು ಮತ್ತೆ ಬಿಟ್ಟುಬರಬೇಕು. ಜ್ಞಾನೋಪದೇಶದ ಮಕ್ಕಳನ್ನೂ ಕಳಿಸಿಕೊಡಿ. ಅಜ್ಜಿಯರ ಕೈಯಲ್ಲಿ ಹೊಲಿಗೆ ಇದೆ, ಕಣ್ಣಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ದಾರ ಪೋಣಿಸಿಕೊಡಲು ಚಿಕ್ಕವರು ಬೇಕು.